ಯಾವ ರಾಜ್ಯ, ಯಾರ ಹಕ್ಕು

“ಅಮೆರಿಕದ ಅಂತರ್ಯುದ್ಧದ ಕಾರಣಗಳನ್ನು ವಿವರಿಸಿ. ಹತ್ತು ಅಂಕ.” ಗದಗಿನ ಕಾಲೇಜೊಂದರಲ್ಲಿ ನಾನು ಇತಿಹಾಸ ಕಲಿಸುತ್ತಿದ್ದ ಕಾಲದಲ್ಲಿ ಈ ಪ್ರಶ್ನೆ ವರ್ಷ ಬಿಟ್ಟು ವರ್ಷ ಬರುತ್ತಿತ್ತು. ಗೈಡುಗಳಲ್ಲಿ ಉತ್ತರವೂ ತಯಾರಿರುತ್ತಿತ್ತು. ಆರ್ಥಿಕ ಭಿನ್ನತೆ, ಸುಂಕದ ತಕರಾರು, ರಾಜ್ಯಗಳ ಹಕ್ಕು, ಗುಲಾಮಗಿರಿ, ಲಿಂಕನ್ನನ ಆಯ್ಕೆ ಎಂದು ಐದು ಉಪಶೀರ್ಷಿಕೆ. ತಲಾ ಎರಡು ಅಂಕ. ಹೀಗೆ ಸಾಲಾಗಿ ನಿಲ್ಲಿಸಿದ ಕೂಡಲೇ ಐದೂ ಒಂದೇ ತೂಕದವು ಅನ್ನಿಸಿಬಿಡುತ್ತದೆ. ಅವು ಒಂದೇ ತೂಕದವಲ್ಲ. ಒಕ್ಕೂಟ ಬಿಟ್ಟು ಹೊರಟವರು ಹೊರಡುವ ಗಳಿಗೆಯಲ್ಲಿ ತಮ್ಮ ಕೈಯಾರೆ ಬರೆದ ಕಾಗದಗಳಿವೆ. ಅವನ್ನು ಓದಿದರೆ ಉಳಿದ ನಾಲ್ಕು ಕಾರಣಗಳೂ ಗುಲಾಮಗಿರಿ ಎಂಬ ಒಂದಕ್ಕೇ ಬಂದು ಸೇರುತ್ತವೆ.

ಅಣ್ಣಿಗೇರಿ ಕಡೆಯ ಎರೆಹೊಲದ ಮನೆತನದವನಾದ ನನಗೆ ಈ ಕಥೆಯನ್ನು ಹತ್ತಿಯಿಂದ ಶುರುಮಾಡುವುದೇ ಸಲೀಸು. ನಮ್ಮ ಜವಾರಿ ಹತ್ತಿಯ ಕಾಳು ಅಷ್ಟು ಹಟಮಾರಿಯಲ್ಲ. ಹಿಂದಿನವರು ಕಲ್ಲಿನ ಮೇಲೆ ಕಬ್ಬಿಣದ ಸರಳನ್ನು ಕಾಲಿನಿಂದ ಉರುಳಿಸಿ ಕಾಳು, ಅರಳೆ ಬೇರೆ ಮಾಡುತ್ತಿದ್ದರು. ಅಮೆರಿಕದ ಒಳನಾಡಿನ ಹತ್ತಿಯ ಎಳೆ ಕಾಳಿಗೆ ಕಚ್ಚಿಕೊಂಡಿರುತ್ತದೆ. ಒಬ್ಬ ಆಳು ದಿನವಿಡೀ ಕೂತು ಕೈಯಿಂದ ಬಿಡಿಸಿದರೂ ಒಂದು ಪೌಂಡ್ ಅರಳೆ ಆದರೆ ಹೆಚ್ಚು. 1793ರಲ್ಲಿ ಜಾರ್ಜಿಯಾದಲ್ಲಿದ್ದ ಎಲೈ ವಿಟ್ನಿ ಹಲ್ಲುಗಳಿದ್ದ ಉರುಳೆಯ ಜಿನ್ನು ಮಾಡಿದ; ಒಂದು ಪೌಂಡಿನ ಜಾಗದಲ್ಲಿ ಐವತ್ತು ಪೌಂಡ್ ಬರತೊಡಗಿತು. ಯಂತ್ರ ಬಂದರೆ ಆಳಿನ ಗರಜು ಕಡಿಮೆಯಾಗಬೇಕಲ್ಲ ಎಂದು ಹುಡುಗರು ಕೇಳುತ್ತಿದ್ದರು. ಜಿನ್ನು ಕೆಲಸ ತಗ್ಗಿಸಿದ್ದು ಕಾಳು ತೆಗೆಯುವಲ್ಲಿ ಮಾತ್ರ. ಬಿತ್ತುವುದು, ಕಳೆ ತೆಗೆಯುವುದು, ಹತ್ತಿ ಬಿಡಿಸುವುದು ಎಲ್ಲ ಕೈಗೆಲಸವಾಗಿಯೇ ಉಳಿಯಿತು. ಅಡ್ಡಿ ತೆರವಾದ ಮೇಲೆ ಹೊಲ ಹೆಚ್ಚಿತು, ಹೊಲ ಹೆಚ್ಚಿದಂತೆ ಆಳು ಬೇಕಾಯಿತು. 1790ರಲ್ಲಿ ಕೆಲವೇ ಸಾವಿರ ಅಂಡಿಗೆ ಇದ್ದ ಬೆಳೆ 1860ರ ಹೊತ್ತಿಗೆ 40 ಲಕ್ಷ ಅಂಡಿಗೆಯ ಹತ್ತಿರ ಬಂತು. ಅದೇ ಅವಧಿಯಲ್ಲಿ ಗುಲಾಮರ ಸಂಖ್ಯೆ ಸುಮಾರು 7 ಲಕ್ಷದಿಂದ 40 ಲಕ್ಷದ ಹತ್ತಿರಕ್ಕೆ ಏರಿತು. ದೇಶದ ಒಟ್ಟು ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿಯೊಂದರದೇ.

1808ರಿಂದ ಹೊರಗಿನಿಂದ ಗುಲಾಮರನ್ನು ತರುವುದು ಕಾನೂನಿನಂತೆ ನಿಂತಿತ್ತು. ಹಾಗಾಗಿ ಹೊಸ ಹತ್ತಿ ಸೀಮೆಗೆ ಆಳುಗಳು ದೇಶದೊಳಗಿಂದಲೇ ಬರಬೇಕಾಯಿತು. ವರ್ಜೀನಿಯಾ, ಮೇರಿಲ್ಯಾಂಡ್‌ಗಳ ತಂಬಾಕಿನ ಹೊಲ ಸವೆದಿತ್ತು. ಅಲ್ಲಿಯ ಧಣಿಗಳು ತಮ್ಮ ಗುಲಾಮರನ್ನು ಅಲಬಾಮಾ, ಮಿಸಿಸಿಪಿ, ಲೂಸಿಯಾನಾಗಳಿಗೆ ಮಾರಿದರು, ಇಲ್ಲವೇ ತಾವೇ ಕರೆದುಕೊಂಡು ಹೋದರು. ಯುದ್ಧಕ್ಕೆ ಮೊದಲಿನ ಏಳು ದಶಕಗಳಲ್ಲಿ ಹೀಗೆ ಸುಮಾರು 10 ಲಕ್ಷ ಜನ ಸಾಗಿಹೋದರು. ಎಷ್ಟೋ ಜನ ಸರಪಳಿ ಬಿಗಿಸಿಕೊಂಡು ನೂರಾರು ಮೈಲಿ ನಡೆದೇ ಹೋದರು.

“ಆರ್ಥಿಕ ಭಿನ್ನತೆ” ಎಂಬ ಉಪಶೀರ್ಷಿಕೆಯ ಕೆಳಗೆ ಏನು ಬರೆಯಬೇಕು ಎಂದು ಕೇಳಿದವರಿಗೆ ನಾನು ಸವಾನಾದ ಸವಾಲಿನ ಕಥೆ ಹೇಳುತ್ತಿದ್ದೆ. ಪಿಯರ್ಸ್ ಬಟ್ಲರ್ ಎಂಬ ಧಣಿ ಜೂಜು ಮತ್ತು ಷೇರುಪೇಟೆಯಲ್ಲಿ ಕಳೆದುಕೊಂಡು ಸಾಲದಲ್ಲಿ ಮುಳುಗಿದ್ದ. 1859ರ ಮಾರ್ಚ್ 2 ಮತ್ತು 3ರಂದು ಜಾರ್ಜಿಯಾದ ಸವಾನಾ ಊರ ಹೊರಗಿನ ಕುದುರೆ ಜೂಜಿನ ಮೈದಾನದಲ್ಲಿ ಅವನ ಪಾಲಿನ ಗುಲಾಮರ ಸವಾಲು ನಡೆಯಿತು. ಪಟ್ಟಿಯಲ್ಲಿ 436 ಹೆಸರು. ಸವಾಲಿಗೆ ಮುನ್ನ ಅವರನ್ನು ಇರಿಸಿದ್ದು ಕುದುರೆಗಳ ಕೊಟ್ಟಿಗೆಯಲ್ಲಿ. ಎರಡೂ ದಿನ ಜೋರು ಮಳೆ. ನ್ಯೂಯಾರ್ಕಿನ ಪತ್ರಿಕೆಯ ವರದಿಗಾರ ಮಾರ್ಟಿಮರ್ ಥಾಮ್ಸನ್ ಗಿರಾಕಿಯ ಸೋಗು ಹಾಕಿ ಒಳಹೊಕ್ಕು ಎಲ್ಲ ಬರೆದುಕೊಂಡ. 23 ವರ್ಷದ ಜೆಫ್ರಿ ಎಂಬವನು ತನ್ನನ್ನು ಕೊಂಡ ಹೊಸ ಧಣಿಯ ಮುಂದೆ ಕೈಮುಗಿದು, ತಾನು ಮದುವೆಯಾಗಬೇಕೆಂದಿದ್ದ ಡಾರ್ಕಸ್ ಎಂಬ ಹುಡುಗಿಯನ್ನೂ ಕೊಳ್ಳಿ ಎಂದು ಬೇಡಿಕೊಂಡ. ಅವಳನ್ನು ಬೇರೊಂದು ಕುಟುಂಬದ ಜತೆ ಸೇರಿಸಿ ಮಾರಲಿದ್ದರು, ಆಕೆಯೊಬ್ಬಳನ್ನೇ ಕೊಳ್ಳುವಂತಿರಲಿಲ್ಲ. ಇಬ್ಬರೂ ಬೇರೆಯಾದರು. ಎರಡು ದಿನದ ವ್ಯಾಪಾರ ಮೂರು ಲಕ್ಷ ಡಾಲರ್ ಮೀರಿತು. ಮಾರಿಹೋದವರಿಗೆ ಬಟ್ಲರ್ ತಲೆಗೊಂದು ಡಾಲರಿನಂತೆ ಹೊಸ ನಾಣ್ಯ ಹಂಚಿದ. ದೇಶದ ಒಟ್ಟು ಗುಲಾಮರ ಬೆಲೆ ಆಗ 300 ಕೋಟಿ ಡಾಲರಿನ ಆಸುಪಾಸು ಎಂದು ಇತಿಹಾಸಕಾರರ ಅಂದಾಜು. ದೇಶದ ರೈಲುಮಾರ್ಗ, ಕಾರ್ಖಾನೆಗಳಿಗೆ ಹಾಕಿದ ಬಂಡವಾಳ ಎಲ್ಲ ಕೂಡಿಸಿದರೂ ಅಷ್ಟಾಗುತ್ತಿರಲಿಲ್ಲ.

ಇಷ್ಟು ದೊಡ್ಡ ಆಸ್ತಿಗೆ ರಾಜಕೀಯದ ಕಾವಲು ಬೇಕು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆದವರು ಆ ಕಾವಲಿಗೆ ಅಡಿಪಾಯ ಹಾಕಿಕೊಟ್ಟಿದ್ದರು. ಮತವಿಲ್ಲದ ಗುಲಾಮನನ್ನು ಪ್ರತಿನಿಧಿಗಳ ಲೆಕ್ಕದಲ್ಲಿ ಐದರಲ್ಲಿ ಮೂರು ಪಾಲು ಮನುಷ್ಯನೆಂದು ಹಿಡಿದರು. ಆ ಲೆಕ್ಕದ ಲಾಭ ಧಣಿಗಳ ರಾಜ್ಯಗಳಿಗೆ. ಓಡಿಹೋದವನನ್ನು ಹಿಡಿದು ಒಪ್ಪಿಸಬೇಕೆಂಬ ಕಲಮೂ ಸೇರಿತು. ಆಮೇಲೆ ಪಶ್ಚಿಮಕ್ಕೆ ಹೊಸ ರಾಜ್ಯ ಹುಟ್ಟಿದಾಗಲೆಲ್ಲ, ಇದು ಗುಲಾಮರ ರಾಜ್ಯವೋ ಸ್ವತಂತ್ರ ರಾಜ್ಯವೋ ಎಂಬ ಜಗಳ. 1820ರ ಒಪ್ಪಂದದಂತೆ ಮಿಸೌರಿಯನ್ನು ಗುಲಾಮಗಿರಿಯೊಂದಿಗೆ, ಮೇನ್ ರಾಜ್ಯವನ್ನು ಅದಿಲ್ಲದೆ ಸೇರಿಸಿಕೊಂಡು ಸೆನೆಟ್ಟಿನಲ್ಲಿ ಸಮಬಲ ಉಳಿಸಿದರು. ಲೂಸಿಯಾನಾ ಖರೀದಿಯ ಉಳಿದ ನೆಲದಲ್ಲಿ 36 ಡಿಗ್ರಿ 30 ಮಿನಿಟಿನ ಅಕ್ಷಾಂಶದಿಂದ ಉತ್ತರಕ್ಕೆ ಗುಲಾಮಗಿರಿ ಕೂಡದೆಂದು ಗೆರೆ ಎಳೆದರು.

ಸುಂಕದ ತಕರಾರು ಸುಳ್ಳಲ್ಲ. 1832ರಲ್ಲಿ ಸೌತ್ ಕ್ಯಾರೋಲಿನಾ ಒಕ್ಕೂಟದ ಆಮದು ಸುಂಕ ತನ್ನ ನೆಲದಲ್ಲಿ ನಡೆಯದು ಎಂದಿತು, ಅಧ್ಯಕ್ಷ ಆಂಡ್ರೂ ಜ್ಯಾಕ್ಸನ್ ಸೈನ್ಯದ ಮಾತೆತ್ತಿದ. ಆ ವಾದದ ಬೆನ್ನೆಲುಬಾಗಿದ್ದವನು ಜಾನ್ ಕ್ಯಾಲ್ಹೂನ್. ಆದರೆ ಅದಕ್ಕೂ ಎರಡು ವರ್ಷ ಮೊದಲೇ, 1830ರಲ್ಲಿ, ಆತ ಖಾಸಗಿ ಪತ್ರವೊಂದರಲ್ಲಿ ಸುಂಕ ಬರೀ ನೆಪ, ನಿಜವಾದ ಕಾರಣ ದಕ್ಷಿಣದ ಗುಲಾಮ ವ್ಯವಸ್ಥೆ ಎಂಬ ಅರ್ಥದ ಮಾತು ಬರೆದಿದ್ದ. ಮುಂದೆ 1857ರ ಹೊತ್ತಿಗೆ ಸುಂಕ ನಾಲ್ಕು ದಶಕಗಳಲ್ಲೇ ಅತಿ ಕಡಿಮೆ ಮಟ್ಟಕ್ಕೆ ಇಳಿದಿತ್ತು. ದರ ಇಳಿದರೂ ಜಗಳ ಇಳಿಯಲಿಲ್ಲ.

ಇನ್ನು ರಾಜ್ಯಗಳ ಹಕ್ಕು. ಮೆಕ್ಸಿಕೋ ಯುದ್ಧದಲ್ಲಿ ಗೆದ್ದ ನೆಲದ ಹಂಚಿಕೆಗಾಗಿ 1850ರಲ್ಲಿ ಇನ್ನೊಂದು ಒಪ್ಪಂದವಾಯಿತು. ಕ್ಯಾಲಿಫೋರ್ನಿಯಾ ಸ್ವತಂತ್ರ ರಾಜ್ಯವಾಗಿ ಬಂತು. ಬದಲಿಗೆ ಪರಾರಿ ಗುಲಾಮರ ಕಾನೂನು ಬಿಗಿಯಾಯಿತು. ಹಿಡಿದು ತಂದವನಿಗೆ ಪಂಚರ ವಿಚಾರಣೆಯಿಲ್ಲ, ತನ್ನ ಪರ ಸಾಕ್ಷಿ ಹೇಳುವ ಅವಕಾಶವೂ ಇಲ್ಲ. ತೀರ್ಪು ಕೊಡುವ ಒಕ್ಕೂಟದ ಕಮಿಷನರ್‌ಗೆ, ಆತನನ್ನು ಬಿಟ್ಟುಬಿಟ್ಟರೆ 5 ಡಾಲರ್ ಶುಲ್ಕ, ಧಣಿಗೆ ಒಪ್ಪಿಸಿದರೆ 10 ಡಾಲರ್. ದಾರಿಹೋಕ ನಾಗರಿಕನೂ ಕರೆದರೆ ಹಿಡಿಯಲು ನೆರವಾಗಬೇಕು. 1854ರಲ್ಲಿ ಬಾಸ್ಟನ್ನಿನಲ್ಲಿ ಆಂಟನಿ ಬರ್ನ್ಸ್ ಎಂಬವನನ್ನು ವರ್ಜೀನಿಯಾಕ್ಕೆ ವಾಪಸು ಕಳಿಸಲು ಸೈನಿಕರ ಸಾಲೇ ನಿಲ್ಲಬೇಕಾಯಿತು. ಹತ್ತಾರು ಸಾವಿರ ಜನ ಬೀದಿಯ ಎರಡೂ ಬದಿ ನಿಂತು ಧಿಕ್ಕಾರ ಕೂಗಿದರು. ಅದೇ ವರ್ಷ ವಿಸ್ಕಾನ್ಸಿನ್ನಿನ ಮಿಲ್ವಾಕಿಯಲ್ಲಿ ಜನ ಜೈಲಿನ ಬಾಗಿಲು ಒಡೆದು ಜೋಶುವಾ ಗ್ಲೋವರ್ ಎಂಬವನನ್ನು ಬಿಡಿಸಿದರು. ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಪರಾರಿ ಕಾನೂನೇ ಅಸಾಂವಿಧಾನಿಕ ಎಂದಿತು. ಒಕ್ಕೂಟದ ಸುಪ್ರೀಂ ಕೋರ್ಟು 1859ರಲ್ಲಿ ಅದನ್ನು ತಳ್ಳಿಹಾಕಿತು.

ಇಲ್ಲಿ ರಾಜ್ಯದ ಹಕ್ಕು ಹಿಡಿದು ನಿಂತವರು ಉತ್ತರದವರು. ಒಕ್ಕೂಟದ ಅಧಿಕಾರಿ, ಒಕ್ಕೂಟದ ಸೈನಿಕ, ಒಕ್ಕೂಟದ ಕೋರ್ಟು ಬೇಕೆಂದವರು ದಕ್ಷಿಣದವರು. ದಿಲ್ಲಿ ತಮ್ಮ ಕೈಯಲ್ಲಿದ್ದಾಗ ಬಲಿಷ್ಠ ಕೇಂದ್ರ, ಕೈತಪ್ಪಿದಾಗ ರಾಜ್ಯದ ಸ್ವಾಯತ್ತತೆ ಎನ್ನುವವರನ್ನು ನೋಡುತ್ತಲೇ ಬೆಳೆದ ನಮಗೆ ಈ ತಂತ್ರ ತಿಳಿಯುವುದು ಕಷ್ಟವಲ್ಲ.

1854ರಲ್ಲೇ ಸ್ಟೀಫನ್ ಡಗ್ಲಸ್ ತಂದ ಕಾನ್ಸಸ್-ನೆಬ್ರಾಸ್ಕಾ ಕಾಯಿದೆ 1820ರ ಗೆರೆಯನ್ನು ಅಳಿಸಿಹಾಕಿತು. ಗುಲಾಮಗಿರಿ ಬೇಕೋ ಬೇಡವೋ, ಅಲ್ಲಿ ನೆಲೆಸಿದವರೇ ಮತ ಹಾಕಿ ತೀರ್ಮಾನಿಸಲಿ ಎಂದಿತು. ಎರಡೂ ಕಡೆಯವರು ಬಂದೂಕು ಹಿಡಿದು ಕಾನ್ಸಸ್ಸಿಗೆ ನುಗ್ಗಿದರು. 1856ರ ಮೇ 21ರಂದು ಗುಲಾಮಗಿರಿಯ ಪರದವರು ಲಾರೆನ್ಸ್ ಊರನ್ನು ಲೂಟಿ ಮಾಡಿದರು. ಮರುದಿನ ವಾಷಿಂಗ್ಟನ್ನಿನ ಸೆನೆಟ್ ಸಭಾಂಗಣದಲ್ಲೇ ಸೌತ್ ಕ್ಯಾರೋಲಿನಾದ ಸದಸ್ಯ ಪ್ರೆಸ್ಟನ್ ಬ್ರೂಕ್ಸ್, ಗುಲಾಮಗಿರಿಯನ್ನು ಖಂಡಿಸಿ ಭಾಷಣ ಮಾಡಿದ್ದ ಚಾರ್ಲ್ಸ್ ಸಮ್ನರ್‌ನನ್ನು ಬೆತ್ತ ಮುರಿಯುವ ತನಕ ಬಡಿದ. ದಕ್ಷಿಣದ ಅಭಿಮಾನಿಗಳು ಅವನಿಗೆ ಹೊಸ ಬೆತ್ತಗಳನ್ನು ಕಳಿಸಿಕೊಟ್ಟರು. ಇನ್ನೆರಡು ದಿನಕ್ಕೆ ಕಾನ್ಸಸ್ಸಿನಲ್ಲಿ ಜಾನ್ ಬ್ರೌನ್ ಮತ್ತವನ ಜತೆಯವರು ಗುಲಾಮಗಿರಿಯ ಪರದ ಐವರನ್ನು ಮನೆಗಳಿಂದ ಹೊರಗೆಳೆದು ಕಡಿದುಹಾಕಿದರು. ಯುದ್ಧ ಶುರುವಾದದ್ದು 1861ರಲ್ಲಿ ಎನ್ನುತ್ತೇವೆ. ಕಾನ್ಸಸ್ಸಿನವರನ್ನು ಕೇಳಿದ್ದರೆ ಬೇರೆಯೇ ಇಸವಿ ಹೇಳುತ್ತಿದ್ದರು.

1857ರ ಮಾರ್ಚಿನಲ್ಲಿ ಡ್ರೆಡ್ ಸ್ಕಾಟ್ ಮೊಕದ್ದಮೆಯ ತೀರ್ಪು ಬಂತು. ಸ್ವತಂತ್ರ ನೆಲದಲ್ಲಿ ವರ್ಷಗಟ್ಟಲೆ ಬಾಳಿದ್ದರಿಂದ ತಾನು ಬಿಡುಗಡೆಯಾದೆ ಎಂದು ಸ್ಕಾಟ್ ವಾದಿಸಿದ್ದ. ಮುಖ್ಯ ನ್ಯಾಯಾಧೀಶ ರೋಜರ್ ಟೇನಿ, ಕಪ್ಪುಜನ ಅಮೆರಿಕದ ನಾಗರಿಕರಾಗಲಾರರು, ಒಕ್ಕೂಟದ ಹೊಸ ಪ್ರದೇಶಗಳಲ್ಲಿ ಗುಲಾಮಗಿರಿಯನ್ನು ತಡೆಯುವ ಅಧಿಕಾರ ಸಂಸತ್ತಿಗಿಲ್ಲ ಎಂದು ಬರೆದ. ಗುಲಾಮಗಿರಿ ಹಬ್ಬದಂತೆ ತಡೆಯುವುದಕ್ಕೆಂದೇ ಹುಟ್ಟಿದ್ದ ರಿಪಬ್ಲಿಕನ್ ಪಕ್ಷದ ಕಾರ್ಯಕ್ರಮವನ್ನೇ ಕೋರ್ಟು ಕಾನೂನುಬಾಹಿರ ಮಾಡಿದಂತಾಯಿತು. 1859ರ ಅಕ್ಟೋಬರಿನಲ್ಲಿ ಅದೇ ಜಾನ್ ಬ್ರೌನ್ ಗುಲಾಮರ ಬಂಡಾಯ ಎಬ್ಬಿಸಲೆಂದು ಹಾರ್ಪರ್ಸ್ ಫೆರಿಯ ಶಸ್ತ್ರಾಗಾರಕ್ಕೆ ನುಗ್ಗಿದ, ಸಿಕ್ಕಿಬಿದ್ದ, ಡಿಸೆಂಬರ್ 2ರಂದು ಗಲ್ಲಿಗೇರಿದ. ಆ ಸಾವಿಗೆ ಉತ್ತರದ ಹಲವು ಊರುಗಳಲ್ಲಿ ಚರ್ಚಿನ ಗಂಟೆ ಬಾರಿಸಿದ್ದು ಕೇಳಿ ದಕ್ಷಿಣದವರ ಎದೆ ಒಡೆಯಿತು. 1860ರ ಏಪ್ರಿಲಿನಲ್ಲಿ ಚಾರ್ಲ್ಸ್‌ಟನ್ನಿನಲ್ಲಿ ಸೇರಿದ ಡೆಮಾಕ್ರಟಿಕ್ ಪಕ್ಷದ ಸಮಾವೇಶವೂ ಒಡೆಯಿತು. ಹತ್ತಿ ರಾಜ್ಯಗಳ ಪ್ರತಿನಿಧಿಗಳು ಎದ್ದು ಹೊರನಡೆದದ್ದು, ಹೊಸ ಪ್ರದೇಶಗಳಲ್ಲಿ ಗುಲಾಮ ಆಸ್ತಿಯನ್ನು ಒಕ್ಕೂಟವೇ ಕಾಯಬೇಕು ಎಂಬ ಬೇಡಿಕೆಯನ್ನು ಸಮಾವೇಶ ಒಪ್ಪಲಿಲ್ಲವೆಂದು.

ಡೆಮಾಕ್ರಟಿಕ್ ಪಕ್ಷ ಹೀಗೆ ಒಡೆದಿದ್ದಾಗ ನವೆಂಬರ್ 6ರಂದು ರಿಪಬ್ಲಿಕನ್ ಪಕ್ಷದ ಅಬ್ರಹಾಂ ಲಿಂಕನ್ ಶೇ 40ರಷ್ಟು ಮತ ಪಡೆದೇ ಗೆದ್ದ. “ಸರ, ಗುಲಾಮರನ್ನ ಬಿಡಸ್ತೀನಿ ಅಂತ ಅಂವ ಅಂದಿದ್ದಕ್ಕ ಯುದ್ಧ ಆತಲ್ರಿ?” ಎಂದು ಕ್ಲಾಸಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಿದ್ದರು. “ಇಲ್ಲಪಾ, ಹಂಗ ಅಂದಿದ್ದಿಲ್ಲ. ಇದ್ದಲ್ಲೆ ಇರಲಿ, ಮುಂದಕ್ಕ ಹಬ್ಬೂದು ಬ್ಯಾಡ ಅಂದಿದ್ದ” ಎನ್ನುತ್ತಿದ್ದೆ. ಹಾಗಿದ್ದರೆ ದಕ್ಷಿಣಕ್ಕೇಕೆ ಅಷ್ಟು ದಿಗಿಲು? ತಮ್ಮ ನಾಡಿನಲ್ಲಿ ಒಂದು ಮತವೂ ಬೇಡದೆ ಒಬ್ಬ ಅಧ್ಯಕ್ಷನಾಗಬಹುದೆಂದು ಅವರಿಗೆ ಮೊದಲ ಸಲ ಕಣ್ಣಿಗೆ ಕಂಡಿತ್ತು. ಮುಂದೆ ಬರುವ ಹೊಸ ರಾಜ್ಯಗಳೆಲ್ಲ ಸ್ವತಂತ್ರವಾದರೆ ಸೆನೆಟ್ ಹೋಯಿತು, ಆಮೇಲೆ ಕೋರ್ಟು. ಅಂಚೆ ಕಚೇರಿಗಳಿಗೆ ಅಧ್ಯಕ್ಷ ತನ್ನವರನ್ನು ನೇಮಿಸಿದರೆ, 1835ರಲ್ಲಿ ಚಾರ್ಲ್ಸ್‌ಟನ್ನಿನಲ್ಲಿ ಗುಂಪು ಸೇರಿ ಸುಟ್ಟಿತ್ತಲ್ಲ, ಅಂಥ ಗುಲಾಮಗಿರಿ ವಿರೋಧಿ ಪತ್ರಿಕೆಗಳು ಮನೆಮನೆ ತಲುಪುತ್ತವೆ. ಗುಲಾಮರಿಲ್ಲದ ಬಡ ಬಿಳಿಯರು ದಕ್ಷಿಣದಲ್ಲೇ ಬಹುಸಂಖ್ಯರು. ಅವರು ಬೇರೆ ಮಾತು ಕೇಳುವುದು ಧಣಿಗಳಿಗೆ ಬೇಕಿರಲಿಲ್ಲ.

ಡಿಸೆಂಬರ್ 20ರಂದು ಚಾರ್ಲ್ಸ್‌ಟನ್ನಿನಲ್ಲಿ ಸೇರಿದ ಸಭೆ 169ಕ್ಕೆ ಸೊನ್ನೆ ಮತದಿಂದ ಸೌತ್ ಕ್ಯಾರೋಲಿನಾವನ್ನು ಒಕ್ಕೂಟದಿಂದ ಬಿಡಿಸಿತು. ನಾಲ್ಕು ದಿನ ಬಿಟ್ಟು ಕಾರಣಗಳ ಘೋಷಣೆ ಒಪ್ಪಿದರು. ನಾನು ವಿದ್ಯಾರ್ಥಿಗಳಿಗೆ ಓದಿಸಬೇಕೆನ್ನುವುದು ಇದನ್ನೇ. ಅದರಲ್ಲಿ ಸುಂಕದ ಸುದ್ದಿಯಿಲ್ಲ. ಇರುವ ದೂರುಗಳು ಇವು: ಉತ್ತರದ ರಾಜ್ಯಗಳು ಪರಾರಿ ಗುಲಾಮರನ್ನು ಹಿಡಿದು ಕೊಡುತ್ತಿಲ್ಲ, ನ್ಯೂಯಾರ್ಕ್ ತನ್ನ ನೆಲದ ಮೇಲೆ ಹಾದುಹೋಗುವ ಧಣಿಗೆ ಗುಲಾಮರನ್ನು ಜತೆಗಿಟ್ಟುಕೊಳ್ಳಲು ಬಿಡುತ್ತಿಲ್ಲ, ಕೆಲವು ರಾಜ್ಯಗಳು ಕಪ್ಪುಜನರಿಗೆ ಪೌರತ್ವ ಕೊಟ್ಟಿವೆ, ಗುಲಾಮಗಿರಿಯನ್ನು ಪಾಪವೆನ್ನುವ ಸಂಘಗಳಿಗೆ ಜಾಗ ಕೊಟ್ಟಿವೆ, ಈಗ ಅದರ ವಿರೋಧಿಯನ್ನೇ ಅಧ್ಯಕ್ಷನನ್ನಾಗಿ ಆರಿಸಿವೆ. ಸರಿಯಾಗಿ ನೋಡಿದರೆ ಇದು ಬೇರೆ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದ್ದರ ವಿರುದ್ಧದ ದೂರು. ಅದೇ ಸಭೆ ಹೊರಡಿಸಿದ ಇನ್ನೊಂದು ಮನವಿಯಲ್ಲಿ ತೆರಿಗೆಯ ಅನ್ಯಾಯದ ಮಾತು ಬರುತ್ತದೆ, ಒಪ್ಪೋಣ. ಆದರೆ ಆ ಮನವಿಯನ್ನು ಉದ್ದೇಶಿಸಿದ್ದೇ ಗುಲಾಮರನ್ನು ಇಟ್ಟುಕೊಂಡ ರಾಜ್ಯಗಳ ಜನರಿಗೆ. ಮಿಸಿಸಿಪಿ ಇನ್ನೂ ನೇರ: ತನ್ನ ನಿಲುವು ಗುಲಾಮಗಿರಿಯ ಜತೆ ಪೂರ್ತಿ ಬೆಸೆದುಕೊಂಡಿದೆ ಎಂದು ಮೊದಲಲ್ಲೇ ಹೇಳಿಬಿಟ್ಟಿತು.

1861ರ ಫೆಬ್ರುವರಿ 1ರ ಹೊತ್ತಿಗೆ ಏಳು ರಾಜ್ಯಗಳು ಹೊರಬಂದಿದ್ದವು. ಅಲಬಾಮಾದ ಮಾಂಟ್ಗಮರಿಯಲ್ಲಿ ಸೇರಿ ಹೊಸ ಸಂವಿಧಾನ ಬರೆದರು; ಗುಲಾಮ ಆಸ್ತಿಯ ಹಕ್ಕಿಗೆ ಕುಂದು ತರುವ ಯಾವ ಕಾನೂನನ್ನೂ ಅವರ ಸಂಸತ್ತು ಮಾಡಕೂಡದೆಂದು ಅದರಲ್ಲಿ ಬರೆದರು. ಒಕ್ಕೂಟ ಬಿಟ್ಟುಹೋಗುವ ಹಕ್ಕನ್ನು ಮಾತ್ರ ಎಲ್ಲೂ ಬಾಯಿಬಿಟ್ಟು ಬರೆದುಕೊಳ್ಳಲಿಲ್ಲ. ಮಾರ್ಚ್ 21ರಂದು ಸವಾನಾದಲ್ಲಿ ಅವರ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್, ಕಪ್ಪುಮನುಷ್ಯ ಬಿಳಿಯನಿಗೆ ಸಮನಲ್ಲ ಎಂಬುದೇ ತಮ್ಮ ಸರಕಾರದ ಮೂಲೆಗಲ್ಲು ಎಂದು ಸಾರಿದ.

ಏಪ್ರಿಲ್ 12ರ ನಸುಕಿನ ನಾಲ್ಕೂವರೆಗೆ ಚಾರ್ಲ್ಸ್‌ಟನ್ ಬಂದರಿನಲ್ಲಿದ್ದ ಒಕ್ಕೂಟದ ಸಮ್ಟರ್ ಕೋಟೆಯ ಮೇಲೆ ಫಿರಂಗಿ ಸಿಡಿಯಿತು. ಆ ದಾಳಿಯಲ್ಲಿ ಒಬ್ಬನೂ ಸಾಯಲಿಲ್ಲ. ಮುಂದಿನ ನಾಲ್ಕು ವರ್ಷಗಳಲ್ಲಿ ಆರು ಲಕ್ಷಕ್ಕೂ ಮೀರಿ ಸೈನಿಕರು ಸತ್ತರು. ಲಿಂಕನ್ 75,000 ಸೈನಿಕರಿಗೆ ಕರೆ ಕೊಟ್ಟ. ವರ್ಜೀನಿಯಾ ಸೇರಿ ಇನ್ನೂ ನಾಲ್ಕು ರಾಜ್ಯಗಳು ಹೊರನಡೆದವು. ಉತ್ತರ ಆಗ ಹೊರಟಿದ್ದು ಒಕ್ಕೂಟ ಉಳಿಸಲು, ಗುಲಾಮರನ್ನು ಬಿಡಿಸಲು ಅಲ್ಲ. ಕೆಂಟಕಿ, ಮೇರಿಲ್ಯಾಂಡ್, ಮಿಸೌರಿ, ಡೆಲಾವೇರ್‌ಗಳು ಗುಲಾಮರನ್ನು ಇಟ್ಟುಕೊಂಡೇ ಒಕ್ಕೂಟದಲ್ಲಿ ಉಳಿದವು. ಯುದ್ಧದ ಗುರಿಯನ್ನು ಬದಲಿಸಲು ಮೊದಲು ಹೆಜ್ಜೆಯಿಟ್ಟವರು ಗುಲಾಮರೇ. ಮೇ ತಿಂಗಳಲ್ಲಿ ವರ್ಜೀನಿಯಾದ ಮನ್ರೋ ಕೋಟೆಗೆ ರಾತ್ರೋರಾತ್ರಿ ಮೂವರು ಬಂದರು: ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್ಸೆಂಡ್. ದಕ್ಷಿಣದ ಸೇನೆ ಅವರಿಂದ ಫಿರಂಗಿ ಕಟ್ಟೆ ಕಟ್ಟಿಸುತ್ತಿತ್ತು. ಮರುದಿನ ಬಿಳಿ ಬಾವುಟ ಹಿಡಿದು ಧಣಿಯ ಕಡೆಯವನು ಬಂದು ಪರಾರಿ ಕಾನೂನಿನ ಪ್ರಕಾರ ಮೂವರನ್ನೂ ಒಪ್ಪಿಸಿ ಎಂದ. ಕೋಟೆಯ ಅಧಿಕಾರಿ ಬೆಂಜಮಿನ್ ಬಟ್ಲರ್ ಮೂಲತಃ ವಕೀಲ. ವರ್ಜೀನಿಯಾ ಪರದೇಶವೆಂದು ನೀವೇ ಹೇಳಿಕೊಂಡಿದ್ದೀರಿ, ಪರದೇಶಕ್ಕೆ ಆ ಕಾನೂನು ಅನ್ವಯಿಸದು ಎಂದು ವಾಪಸು ಕಳಿಸಿದ. ಸುದ್ದಿ ಹಬ್ಬಿ ನೂರಾರು ಜನ ಬಂದರು. 1863ರ ಜನವರಿ 1ರಂದು ಲಿಂಕನ್ನನ ವಿಮೋಚನಾ ಘೋಷಣೆ ಹೊರಟಿತು. ಮುಂದೆ ಸುಮಾರು 1,80,000 ಕಪ್ಪುಜನ ಉತ್ತರದ ಸೇನೆ ಸೇರಿದರು.

ದಕ್ಷಿಣದವರ ದೊಡ್ಡ ನಂಬಿಕೆ ಹತ್ತಿಯ ಮೇಲಿತ್ತು. ಹತ್ತಿಯೇ ರಾಜ, ಅದರ ಮೇಲೆ ಯುದ್ಧ ಹೂಡುವ ಧೈರ್ಯ ಯಾರಿಗೂ ಇಲ್ಲ ಎಂದು ಸೆನೆಟರ್ ಜೇಮ್ಸ್ ಹ್ಯಾಮಂಡ್ 1858ರಲ್ಲೇ ಬೀಗಿದ್ದ. ಬ್ರಿಟನ್ನಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ್ದು. ಅದು ನಿಂತರೆ ಇಂಗ್ಲೆಂಡ್ ತಮ್ಮ ಪರ ಬಂದೇ ಬರುತ್ತದೆ ಎಂದು ಲೆಕ್ಕ. ಇಂಗ್ಲೆಂಡ್ ಈಜಿಪ್ಟಿಗೆ, ಹಿಂದುಸ್ತಾನಕ್ಕೆ ಕೈಚಾಚಿತು. 1840ರಲ್ಲೇ ಕಂಪನಿ ಸರಕಾರ ಅಮೆರಿಕದ ಹತ್ತಿ ಸೀಮೆಯಿಂದ ಹತ್ತು ಮಂದಿ ಬೆಳೆಗಾರರನ್ನು ಇಲ್ಲಿಗೆ ಕರೆಸಿತ್ತು. ಅವರ ನ್ಯೂ ಆರ್ಲಿಯನ್ಸ್ ಬೀಜ ಬೇರೆಲ್ಲಿಗಿಂತ ನಮ್ಮ ಧಾರವಾಡ ಸೀಮೆಯ ಎರೆಮಣ್ಣಿಗೆ ಚೆನ್ನಾಗಿ ಒಗ್ಗಿ, ‘ಧಾರವಾಡ-ಅಮೆರಿಕನ್’ ಎಂದೇ ಪೇಟೆಯಲ್ಲಿ ಹೆಸರಾಗಿತ್ತು. ಯುದ್ಧದ ವರ್ಷಗಳಲ್ಲಿ ಅದರ ಬೆಲೆ ಹಲವು ಪಟ್ಟು ಏರಿತು. ಧಾರವಾಡದ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೇರಿಸಲು ಕಾರವಾರ ಬೇಕೆಂದು ವ್ಯಾಪಾರಿಗಳು ಒತ್ತಾಯಿಸುತ್ತಿದ್ದರು; 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. 1865ರಲ್ಲಿ ದಕ್ಷಿಣ ಶರಣಾಯಿತು, ಹತ್ತಿ ಬೆಲೆ ಕುಸಿಯಿತು, ಮುಂಬಯಿಯ ಸಾಹುಕಾರರು ದಿವಾಳಿಯೆದ್ದರು. ಹತ್ತಿ ಬೇರೆ ನೆಲದಲ್ಲೂ ಬೆಳೆಯುತ್ತದೆ ಎಂಬ ಸರಳ ಸಂಗತಿಯನ್ನು ಹ್ಯಾಮಂಡ್ ಮರೆತಿದ್ದ.

ಸೋಲಿನ ನಂತರ ಕಾರಣಗಳ ಪಟ್ಟಿ ತಿದ್ದುಪಡಿಯಾಯಿತು. ಮೂಲೆಗಲ್ಲಿನ ಮಾತಾಡಿದ್ದ ಅದೇ ಸ್ಟೀಫನ್ಸ್ 1868ರಿಂದ ಎರಡು ಸಂಪುಟ ಬರೆದು, ಇದು ಸಂವಿಧಾನದ ವ್ಯಾಖ್ಯಾನದ ಜಗಳವಾಗಿತ್ತು, ಗುಲಾಮಗಿರಿ ಬರೀ ನಿಮಿತ್ತ ಎಂದು ವಾದಿಸಿದ. ದಕ್ಷಿಣದ ಸರಕಾರಕ್ಕೆ ಅಧ್ಯಕ್ಷನಾಗಿದ್ದ ಜೆಫರ್ಸನ್ ಡೇವಿಸ್ 1881ರ ತನ್ನ ಪುಸ್ತಕದಲ್ಲಿ ಅದೇ ರಾಗ ಹಾಡಿದ. ಅಲ್ಲಿಂದ ಅದು ಪಠ್ಯಪುಸ್ತಕಗಳಿಗೆ ಇಳಿಯಿತು, ಸಮುದ್ರ ದಾಟಿ ನಮ್ಮ ಗೈಡುಗಳಿಗೂ ಬಂತು. ಒಬ್ಬನೇ ಮನುಷ್ಯ ಗೆಲ್ಲುವ ಭರವಸೆಯಿದ್ದಾಗ ಹೇಳಿದ ಕಾರಣ ಒಂದು, ಸೋತ ಮೇಲೆ ಹೇಳಿದ್ದು ಇನ್ನೊಂದು. ಇತಿಹಾಸದ ವಿದ್ಯಾರ್ಥಿ ಎರಡರ ಇಸವಿಯನ್ನೂ ನೋಡಬೇಕು.

ರಾಜ್ಯದ ಹಕ್ಕು ಎನ್ನುವಾಗ ರಾಜ್ಯವೆಂದರೆ ಯಾರು ಎಂದೂ ಕೇಳಬೇಕು. 1860ರ ಜನಗಣತಿಯಂತೆ ಸೌತ್ ಕ್ಯಾರೋಲಿನಾದ ಜನಸಂಖ್ಯೆ 7,03,708. ಅದರಲ್ಲಿ ಗುಲಾಮರು 4,02,406. ಅರ್ಧಕ್ಕಿಂತ ಹೆಚ್ಚು ಜನರನ್ನು ಒಂದು ಮಾತೂ ಕೇಳದೆ 169 ಮಂದಿ ಒಮ್ಮತದಿಂದ ರಾಜ್ಯದ ಹೆಸರಿನಲ್ಲಿ ಸಹಿ ಹಾಕಿದ್ದರು. ಕೇಳದೆ ಬಿಟ್ಟವರಲ್ಲಿ ರಾಬರ್ಟ್ ಸ್ಮಾಲ್ಸ್ ಒಬ್ಬ. ಹತ್ತಿ ಸಾಗಿಸಲು ಕಟ್ಟಿದ್ದ ‘ಪ್ಲಾಂಟರ್’ ಎಂಬ ಹಡಗು ಯುದ್ಧದಲ್ಲಿ ದಕ್ಷಿಣದ ಸೇನೆಗೆ ದುಡಿಯುತ್ತಿತ್ತು. ಅದರ ಚುಕ್ಕಾಣಿ ಹಿಡಿಯುತ್ತಿದ್ದ ಗುಲಾಮ ಆತ. 1862ರ ಮೇ 13ರ ನಸುಕಿನಲ್ಲಿ ಬಿಳಿಯ ಅಧಿಕಾರಿಗಳು ದಡದಲ್ಲಿದ್ದಾಗ ಹೆಂಡತಿ ಮಕ್ಕಳನ್ನೂ ಜತೆಯವರನ್ನೂ ಹತ್ತಿಸಿಕೊಂಡ, ಕಪ್ತಾನನ ಟೊಪ್ಪಿಗೆ ಹಾಕಿಕೊಂಡು ಸಮ್ಟರ್ ಕೋಟೆಗೆ ಸರಿಯಾದ ಸಂಕೇತ ಕೊಟ್ಟು ದಾಟಿದ, ಹಡಗನ್ನು ಉತ್ತರದ ನೌಕಾಪಡೆಗೆ ಒಪ್ಪಿಸಿದ. 1868ರ ಜನವರಿಯಲ್ಲಿ ಅದೇ ಚಾರ್ಲ್ಸ್‌ಟನ್ನಿನಲ್ಲಿ ರಾಜ್ಯದ ಹೊಸ ಸಂವಿಧಾನ ಬರೆಯಲು ಸಭೆ ಸೇರಿತು. ಪ್ರತಿನಿಧಿಗಳಲ್ಲಿ ಹೆಚ್ಚಿನವರು ಕಪ್ಪುಜನ, ಅವರಲ್ಲಿ ಹಲವರು ಮೂರು ವರ್ಷದ ಹಿಂದೆ ಗುಲಾಮರು. ಸ್ಮಾಲ್ಸ್ ಕೂಡ ಪ್ರತಿನಿಧಿಯಾಗಿದ್ದ. ಎಲ್ಲ ಮಕ್ಕಳಿಗೂ ಸರಕಾರಿ ಶಾಲೆ ಇರಬೇಕೆಂದು ಆ ಸಭೆ ಸಂವಿಧಾನದಲ್ಲಿ ಬರೆಯಿತು. ಸೌತ್ ಕ್ಯಾರೋಲಿನಾ ಎಂಬ ರಾಜ್ಯ ತನ್ನ ಹಕ್ಕನ್ನು ತಾನೇ ಚಲಾಯಿಸಿದ್ದು ಯಾವಾಗ ಎಂದು ಕೇಳಿದರೆ, ನಾನು 1860 ಅನ್ನುವುದಿಲ್ಲ, 1868 ಅನ್ನುತ್ತೇನೆ.